ತಗಡಿನ ಮಜೂರಿ

ತೆಲಂಗಾಣದ ಗಡಿಗೆ ತಾಗಿಕೊಂಡು, ಕನ್ನಡ, ತೆಲುಗು, ಉರ್ದು ಮೂರೂ ನುಡಿಗಳು ಒಂದೇ ಸಂತೆಯಲ್ಲಿ ವ್ಯವಹರಿಸುವ ಗುರುಮಠಕಲ್ ಸೀಮೆಯಲ್ಲಿ, ಲೋಹವನ್ನು ಬಡಿದು ಬದುಕಿದವರ ದುಡಿಮೆಗೆ ಕಾಲಕಾಲಕ್ಕೆ ದೊರೆತ ಬೆಲೆಯೇನೆಂಬುದನ್ನು ವಿಚಾರಿಸಹೊರಟರೆ, ಮೊದಲು ಎದುರಾಗುವುದು ಜೋಳದ ರಾಶಿ. ನೇಗಿಲಿನ ಕುಳವನ್ನು ಕಾಸಿ ತಟ್ಟುತ್ತಿದ್ದ ಕಮ್ಮಾರನು ಆಯಗಾರರಲ್ಲೊಬ್ಬನಾಗಿ ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯವನ್ನು ಎತ್ತಿಕೊಳ್ಳುತ್ತಿದ್ದನು. ಮಳೆ ಕೈಕೊಟ್ಟ ವರ್ಷ ಅವನ ಕೂಲಿಯೂ ಬತ್ತುತ್ತಿತ್ತು. ಅದರ ಮೇಲೆ ಅಧಿಕಾರವುಳ್ಳವರ ಮನೆಯ ಬಿಟ್ಟಿ ಚಾಕರಿ ಬೇರೆ. ಇದನ್ನು ಗ್ರಾಮಜೀವನದ ಸಾಮರಸ್ಯವೆಂದು ಕೊಂಡಾಡುವವರು ಕುಲುಮೆಯ ಬಳಿ ಕುಳಿತು ಒಮ್ಮೆ ಲೆಕ್ಕ ಹಾಕುವುದು ಒಳಿತು.

ಕಂಚುಗಾರನ ಲೆಕ್ಕ ಬೇರೆ. ಹಿತ್ತಾಳೆ ತಾಮ್ರಗಳ ತಗಡನ್ನು ಕತ್ತರಿಸಿ, ಕಾಸಿ ಮೆದುಮಾಡಿ, ಗೂಟದ ಮೇಲಿಟ್ಟು ಸುತ್ತಲೂ ಸಮನಾಗಿ ಬಡಿದು, ಬೆಸುಗೆಯಿಂದ ಕೂಡಿಸಿ ಅವನು ಎಬ್ಬಿಸಿದ ಕೊಡಕ್ಕೆ ತೂಕದ ಮೇಲೆ ಬೆಲೆ ಕಟ್ಟಿ, ಮಜೂರಿಯನ್ನು ಪ್ರತ್ಯೇಕವಾಗಿ ಕೂಡಿಸುವುದು ವಾಡಿಕೆ. ಆದರೆ ಅದೇ ಕೊಡ ಹಳತಾಗಿ ಅಂಗಡಿಗೆ ಮರಳಿದಾಗ ತಕ್ಕಡಿಯು ಲೋಹವನ್ನು ಮಾತ್ರ ಗುರುತಿಸುತ್ತಿತ್ತು. ಸಾವಿರ ಪೆಟ್ಟುಗಳ ಶ್ರಮ ಅಲ್ಲಿ ಶೂನ್ಯ. ಲೋಹ ದುರ್ಲಭವಾಗಿ ಕೈಗಳು ಸುಲಭವಾಗಿದ್ದ ಕಾಲದ ನ್ಯಾಯವಿದು.

ಈ ಅನುಪಾತವನ್ನು ತಲೆಕೆಳಗು ಮಾಡಿದುದು ರೈಲು. ಮುಂಬಯಿಯ ಕಡೆಯಿಂದ ಬಂದ ಹಳಿಯು ಯಾದಗಿರಿಯನ್ನು ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡ ಮೇಲೆ, ಯಂತ್ರದಲ್ಲಿ ಉರುಳಿಸಿದ ತಗಡೂ ಸೀಮೆಎಣ್ಣೆಯ ಡಬ್ಬಿಯೂ ಈ ನಾಡಿನೊಳಕ್ಕೆ ಬರಲು ದಾರಿಯಾಯಿತು. ತಗಡು ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬಾತನು 1837ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಬರಿದಾದ ಡಬ್ಬಿಯನ್ನು ಬಿಡಿಸಿ ಕತ್ತರಿಸಿ, ಅಂಚು ಮಡಿಚಿ, ಸೀಸ ತವರಗಳ ಬೆಸುಗೆ ಹಾಕಿ ಲಾಳಿಕೆ, ಚಿಮಣಿ, ಧಾನ್ಯದ ಡಬ್ಬಗಳನ್ನು ಮಾಡಿಕೊಡುತ್ತಿದ್ದ ಪತ್ರಾ ಕೆಲಸದವನ ಸರಕಿನಲ್ಲಿ ಲೋಹದ ಬೆಲೆ ಅತ್ಯಲ್ಪ. ಗಿರಾಕಿ ಕೊಟ್ಟ ಹಣದ ಬಹುಭಾಗ ಕೈಗೆಲಸದ್ದೇ. ಹಾಗೆಂದು ಅವನು ಸಿರಿವಂತನಾಗಲಿಲ್ಲ, ಏಕೆಂದರೆ ಅಗ್ಗದ ಲೋಹಕ್ಕೆ ಅಗ್ಗದ ಕೂಲಿಯೇ ತಕ್ಕುದೆಂದು ಕೊಳ್ಳುವವರು ಭಾವಿಸಿದರು. ಈ ಸೀಮೆಯನ್ನು ಆಳುತ್ತಿದ್ದ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ಏಳು ರೂಪಾಯಿ ಸುಮಾರಾಗಿ ಬ್ರಿಟಿಷ್ ಆರು ರೂಪಾಯಿಗೆ ಸಮವಾಗಿದ್ದ ಆ ದಿನಗಳಲ್ಲಿ, ಹೊರಗಿನ ಹಣದಲ್ಲಿ ಬೆಲೆ ತೆರಬೇಕಾದ ತಗಡನ್ನು ತಂದು ಸಿಕ್ಕಾದಲ್ಲಿ ಮಜೂರಿ ಪಡೆಯುವವನಿಗೆ ನಾಣ್ಯ ಬದಲಿಸುವಾಗಿನ ವಟ್ಟದ ಕಾಟವೂ ಇತ್ತು.

1948ರಲ್ಲಿ ಕನಿಷ್ಠ ವೇತನ ಕಾಯಿದೆ ಹುಟ್ಟಿತು; 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಕಾಯಿದೆ ಕೂಲಿಯವನಿಗೆ ಒದಗುತ್ತಿತ್ತೇ ಹೊರತು, ತನ್ನ ಕಟ್ಟೆಯ ಮೇಲೆ ತಾನೇ ಕುಳಿತು ದುಡಿಯುವವನಿಗೆ ಕನಿಷ್ಠ ವೇತನ ಕೊಡುವವರಾರು? ಅಚ್ಚೊತ್ತಿದ ಸ್ಟೀಲೂ ಅನಂತರ ಪ್ಲಾಸ್ಟಿಕ್ಕೂ ಬಂದು ಆ ಕಟ್ಟೆಯನ್ನೇ ಬರಿದುಮಾಡಿದುವು. ಇಂದು ಯಾದಗಿರಿ ಜಿಲ್ಲೆಯ ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ರೈಲು ಬೋಗಿಯ ಚೌಕಟ್ಟುಗಳ ಕಾರ್ಖಾನೆಯಿದೆ. ಅಲ್ಲಿ ಉಕ್ಕಿನ ಹಲಗೆಯನ್ನು ಕತ್ತರಿಸಿ ಬೆಸೆಯುವ ಕೆಲಸಕ್ಕೆ ತೂಕದ ಮಾತಿಲ್ಲ, ಪಾಳಿಯ ಲೆಕ್ಕವೇ ಪ್ರಮಾಣ. ಕೈಯ ಬೆಲೆಯನ್ನು ಲೋಹದಿಂದ ಬಿಡಿಸಿ ಕಾಲಕ್ಕೆ ಕಟ್ಟಿದ ಶ್ರೇಯಸ್ಸು ಕಾರ್ಖಾನೆಗೇ ಸಲ್ಲಬೇಕು, ಅದರ ಉಳಿದ ದೋಷಗಳೇನೇ ಇರಲಿ.

ಗುರುಮಠಕಲ್ಲಿನ ಹಳೆಯ ಅಂಗಡಿಗಳ ಅಟ್ಟದ ಮೇಲೆ ಪಾತ್ರೆಯ ತೂಕವನ್ನೂ ಮಜೂರಿಯನ್ನೂ ಬರೆದಿಟ್ಟ ಖಾತೆವಹಿಗಳೇನಾದರೂ ಉಳಿದಿದ್ದರೆ, ಉರ್ದುವಿನಲ್ಲಿರಲಿ ತೆಲುಗಿನಲ್ಲಿರಲಿ, ಮನೆಯವರು ಅವನ್ನು ರದ್ದಿಗೆ ಹಾಕದೆ ಓದಬಲ್ಲವರ ಕೈಗೆ ಒಪ್ಪಿಸಬೇಕೆಂದು ಪ್ರಾರ್ಥನೆ.