ಪೆಪ್ಟೈಡ್ ಅಯಾನುಗಳ ಗಾತ್ರ: ಅಳತೆ ಮತ್ತು ಅಂದಾಜು

ಅಮೈನೋ ಆಮ್ಲಗಳು ಸರಪಳಿಯಂತೆ ಕೂಡಿ ಉಂಟಾಗುವ ಚಿಕ್ಕ ಅಣುಗಳಿಗೆ ಪೆಪ್ಟೈಡ್‌ಗಳೆಂದು ಹೆಸರು. ಕೋನಸ್ ಜಾತಿಯ ಕಡಲ ಬಸವನಹುಳುಗಳ ವಿಷವು ಮುಖ್ಯವಾಗಿ ಇವುಗಳಿಂದಲೇ ಕೂಡಿರುತ್ತದೆ. ಕೋನಸ್ ಮೇಗಸ್ ಪ್ರಭೇದದ ಇಂತಹ ಒಂದು ಪೆಪ್ಟೈಡ್‌ನ ಕೃತಕ ರೂಪವಾದ ಜಿಕೊನೊಟೈಡ್, ತೀವ್ರ ನೋವಿನ ಶಮನಕ್ಕಾಗಿ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಭಾರತದ ಕರಾವಳಿಯ ಕೋನಸ್ ಪೆಪ್ಟೈಡ್‌ಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ. ಬಲರಾಮ್ ಮತ್ತು ಸಂಗಡಿಗರು ಮಾಸ್ ಸ್ಪೆಕ್ಟ್ರೋಮೀಟರ್ ಉಪಕರಣದಿಂದ ಅಭ್ಯಸಿಸಿರುತ್ತಾರೆ.

ದ್ರವ್ಯರಾಶಿಯೊಂದೇ ಸಾಲದು

ಸದರಿ ಉಪಕರಣವು ಅಣುವಿನ ದ್ರವ್ಯರಾಶಿಯನ್ನು ತಿಳಿಸುತ್ತದೆ, ಆಕಾರವನ್ನಲ್ಲ. ಜಿಕೊನೊಟೈಡ್‌ನ 25 ಅಮೈನೋ ಆಮ್ಲಗಳಲ್ಲಿ 6 ಸಿಸ್ಟೀನ್‌ಗಳಿದ್ದು, ಇವು ಎರಡೆರಡಾಗಿ ಸೇರಿ 3 ಗಂಧಕ ಬಂಧಗಳಾಗುತ್ತವೆ. ಈ ಜೋಡಣೆಗೆ 15 ಬಗೆಗಳು ಸಾಧ್ಯ. ಹದಿನೈದರ ದ್ರವ್ಯರಾಶಿಯೂ ಒಂದೇ. ಆದರೆ ಔಷಧಕ್ಕೆ ಬೇಕಾದುದು ಅವುಗಳಲ್ಲಿ ಒಂದು ಮಾತ್ರ.

ಅಳತೆಯ ವಿಧಾನ

ಅಯಾನು ಚಲನಶೀಲತೆಯ ವಿಧಾನದಲ್ಲಿ, ವಿದ್ಯುದಾವೇಶ ಪಡೆದ ಪೆಪ್ಟೈಡ್‌ಗಳನ್ನು ಹೀಲಿಯಂ ಅಥವಾ ಸಾರಜನಕ ತುಂಬಿದ ನಳಿಕೆಯಲ್ಲಿ ವಿದ್ಯುತ್ ಕ್ಷೇತ್ರದ ಮೂಲಕ ಸಾಗಿಸಲಾಗುತ್ತದೆ. ಆವೇಶ ಸಮಾನವಾಗಿದ್ದಲ್ಲಿ, ಮುದುಡಿದ ಅಯಾನು ಅನಿಲಕ್ಕೆ ಕಡಿಮೆ ಡಿಕ್ಕಿ ಹೊಡೆದು ಬೇಗ ಹೊರಬರುತ್ತದೆ. ಚಾಚಿಕೊಂಡದ್ದು ತಡವಾಗಿ ಬರುತ್ತದೆ. ಈ ಕಾಲಾವಧಿಯಿಂದ ಅಯಾನಿನ ಸರಾಸರಿ ಡಿಕ್ಕಿ ವಿಸ್ತೀರ್ಣವನ್ನು ಚದರ ಆಂಗ್‌ಸ್ಟ್ರಮ್‌ಗಳಲ್ಲಿ ಲೆಕ್ಕ ಹಾಕಲಾಗುತ್ತದೆ. ಆ ಬಳಿಕ ದ್ರವ್ಯರಾಶಿಯನ್ನೂ ಅಳೆಯುವುದರಿಂದ ಎರಡು ಸಾಕ್ಷ್ಯಗಳು ಒಟ್ಟಿಗೆ ದೊರೆಯುತ್ತವೆ.

ಅಂದಾಜಿನ ವಿಧಾನ

ಪ್ರತಿಯೊಂದು ಅಮೈನೋ ಆಮ್ಲವು ಗಾತ್ರಕ್ಕೆ ನೀಡುವ ಸರಾಸರಿ ಪಾಲನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಕ್ಲೆಮರ್ ಮತ್ತು ಸಂಗಡಿಗರು 1999ರಲ್ಲಿ ಅಳತೆಗಳಿಂದ ನಿರ್ಧರಿಸಿದರು. ಈ ಪಾಲುಗಳನ್ನು ಆಧರಿಸಿ, ಅಳೆಯದ ಪೆಪ್ಟೈಡ್‌ನ ಗಾತ್ರವನ್ನೂ ಅಂದಾಜಿಸಬಹುದು. 2021ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಜೀವರಸಾಯನ ಸಂಸ್ಥೆಯ ಸಂಶೋಧಕರು ಹತ್ತು ಲಕ್ಷಕ್ಕೂ ಮೇಲ್ಪಟ್ಟ ಅಳತೆಗಳ ಆಧಾರದಲ್ಲಿ, ಅಮೈನೋ ಆಮ್ಲಗಳ ಅನುಕ್ರಮದಿಂದಲೇ ಗಾತ್ರವನ್ನು ಅಂದಾಜಿಸುವ ಗಣಕ ಮಾದರಿಯನ್ನು ಪ್ರಕಟಿಸಿದರು.

ಆದಾಗ್ಯೂ, ಅಮೈನೋ ಆಮ್ಲಗಳ ಪಟ್ಟಿ ಅಥವಾ ಅನುಕ್ರಮವನ್ನಷ್ಟೇ ನೋಡುವ ಅಂದಾಜಿಗೆ ಮೇಲೆ ತಿಳಿಸಿದ 15 ಜೋಡಣೆಗಳೂ ಒಂದೇ ಆಗಿ ಕಾಣುತ್ತವೆ. ಆದ್ದರಿಂದ ಗಂಧಕ ಬಂಧಗಳುಳ್ಳ ಪೆಪ್ಟೈಡ್‌ಗಳಿಗೆ ನೇರ ಅಳತೆಯು ಅವಶ್ಯಕ.

ಮೀನುಗಾರರ ಗಮನಕ್ಕೆ

ಕೋನಸ್ ವಿಷವು ಔಷಧದ ಮೂಲವಾದರೂ ಅಪಾಯಕಾರಿಯಾಗಿದ್ದು, ಕೋನಸ್ ಜಿಯೋಗ್ರಾಫಸ್ ಪ್ರಭೇದದ ಕುಟುಕಿನಿಂದ ಮನುಷ್ಯರು ಮೃತಪಟ್ಟಿರುತ್ತಾರೆ. ತೆಂಗಿನಗುಂಡಿ ಬಂದರು ಸೇರಿದಂತೆ ಕರಾವಳಿಯ ಮೀನುಗಾರ ಬಾಂಧವರು, ಶಂಕುವಿನಾಕಾರದ ಚಿಪ್ಪುಳ್ಳ ಜೀವಂತ ಬಸವನಹುಳುಗಳು ಬಲೆಯಲ್ಲಿ ಕಂಡುಬಂದಲ್ಲಿ ಬರಿಗೈಯಿಂದ ಮುಟ್ಟಬಾರದು. ಕುಟುಕಿದಲ್ಲಿ ನೋವು ಅಲ್ಪವೆನಿಸಿದರೂ ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು.