ಪಂಕ್ತಿಯಲ್ಲೊಂದು ಜಾಗ

ಏಪ್ರಿಲ್ ಮುಗಿಯುತ್ತ ಬಂದಂತೆ ನಮ್ಮ ಬಿಬವೇವಾಡಿಯ ಸೊಸೈಟಿಗಳ ಸೂಚನಾ ಫಲಕಗಳು ಬೇಸಿಗೆ ಶಿಬಿರಗಳ ಜಾಹೀರಾತುಗಳಿಂದ ತುಂಬಿಹೋಗುತ್ತವೆ. ಈ ವರ್ಷ ನಮ್ಮ ಹತ್ತು ವರ್ಷದ ಮಗಳೂ ಸಿಂಹಗಡದ ತಪ್ಪಲಿನಲ್ಲಿ ನಡೆಯುವ ಐದು ರಾತ್ರಿಗಳ ಶಿಬಿರವೊಂದಕ್ಕೆ ಹೆಸರು ಕೊಟ್ಟಳು. ಸಂಘಟಕರು ಕಳುಹಿಸಿದ ಪಟ್ಟಿಯನ್ನು ಹಿಡಿದು ನಾವು ಸಿದ್ಧತೆಗೆ ತೊಡಗಿದೆವು. ತುಳಶೀಬಾಗಿನಿಂದ ಸ್ಟೀಲಿನ ತಟ್ಟೆ ತಂದು ಹೆಸರು ಕೆತ್ತಿಸಿದೆವು. ಟಾರ್ಚಿಗೆ ಹೊಸ ಸೆಲ್ಲು ಹಾಕಿದೆವು. ಬಟ್ಟೆಬಟ್ಟೆಯ ಅಂಚಿಗೂ ಗುರುತು ಮಾಡಿದೆವು. ಧಾರವಾಡದಿಂದ ಬಂದಿದ್ದ ಅತ್ತೆಯವರು ಇದನ್ನೆಲ್ಲ ನೋಡಿ, “ಇಷ್ಟೆಲ್ಲಾ ಯಾಕ? ನಿಮ್ಮ ಮಾವನವರು ಹನ್ನೊಂದು ವರ್ಷದವರಿದ್ದಾಗ ಒಂದು ಟ್ರಂಕ್ ಹಿಡಕೊಂಡು ಓದ್ಲಿಕ್ಕೆ ಧಾರವಾಡಕ್ಕ ಬಂದ್ರು. ಅವರ ತಾಟಿನ ಮ್ಯಾಲೆ ಹೆಸರು ಬರಸಿದವರು ಯಾರು?” ಎಂದರು.

ಆ ಮಾತು ನಮ್ಮನ್ನು ಚರಿತ್ರೆಯತ್ತ ತಿರುಗಿಸಿತು. ಕನ್ನಡನಾಡಿನ ಮಕ್ಕಳು ಮನೆ ಬಿಟ್ಟು ಮಲಗಿದ್ದು ಇಂದು ನಿನ್ನೆಯ ಸಂಗತಿಯಲ್ಲ. ಓದಿನ ಆಸೆಗೆ ಪಟ್ಟಣ ಸೇರಿದ ಬಡ ಹುಡುಗರು ವಾರಾನ್ನದ ಮೇಲೆ ಬದುಕಿದರು; ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಸಿದ್ಧಗಂಗೆಯ ಮಠ, ಧಾರವಾಡದ ಮುರುಘಾಮಠಗಳಂತಹ ಕಡೆ ಉಚಿತ ಪ್ರಸಾದ ನಿಲಯಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟವು. ಆದರೆ ಆ ಮಕ್ಕಳನ್ನು ಮನೆಯಿಂದ ಹೊರಡಿಸಿದ್ದು ಬಡತನ. ವಾರಾನ್ನದ ಹುಡುಗನಿಗೆ ಯಾವ ಬಾಗಿಲು ತೆರೆದೀತು ಎಂಬುದನ್ನು ಅನೇಕ ವೇಳೆ ಅವನ ಜಾತಿಯೇ ನಿರ್ಧರಿಸುತ್ತಿತ್ತು. ಎಲ್ಲ ಬಗೆಯ ಮನೆಗಳ ಮಕ್ಕಳನ್ನು ಕೆಲವು ದಿನ ಒಂದೆಡೆ ಇರಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣಿಸಿ, ಒಂದೇ ಸೂರಿನಡಿ ಮಲಗಿಸುವ ಶಿಬಿರವೆಂಬುದು ಬೇರೆಯೇ ಕಲ್ಪನೆ.

ಅದರ ಪ್ರಸಿದ್ಧ ಆರಂಭ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ. 1907ರ ಆಗಸ್ಟ್ ಮೊದಲ ವಾರದಲ್ಲಿ ಬೇಡನ್-ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಅಲ್ಲಿಗೆ ಕರೆದೊಯ್ದರು. ಶ್ರೀಮಂತರ ಶಾಲೆಗಳ ಹುಡುಗರೂ ದುಡಿಯುವ ವರ್ಗದ ಹುಡುಗರೂ ಒಂದೇ ತಂಡದಲ್ಲಿರಬೇಕೆಂಬುದು ಆ ಪ್ರಯೋಗದ ತಿರುಳು. ಎರಡು ವರ್ಷಗಳಲ್ಲೇ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಸ್ಕೌಟ್ ಚಳವಳಿ ಬಂದಿತು. ಆದರೆ ಕಡಲು ದಾಟಿ ಬರುವಾಗ ಅದರ ತಿರುಳು ಅಲ್ಲಿಯೇ ಉಳಿಯಿತು. ಇಲ್ಲಿ ಆರಂಭದಲ್ಲಿ ಸ್ಕೌಟ್ ಆಗುವ ಅವಕಾಶವಿದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ. ಭಾರತೀಯ ಮಕ್ಕಳಿಗೆಂದು ಆ್ಯನಿ ಬೆಸೆಂಟ್ ಅವರು 1916ರಲ್ಲಿ ಮದರಾಸಿನಲ್ಲಿ ಪ್ರತ್ಯೇಕ ಸಂಘಟನೆಯನ್ನೇ ಕಟ್ಟಬೇಕಾಯಿತು.

ಕನ್ನಡನಾಡಿನಲ್ಲಿ ಶಿಬಿರದ ಶಿಸ್ತಿಗೆ ರಾಷ್ಟ್ರೀಯ ರೂಪ ಕೊಟ್ಟವರು ಡಾ. ನಾ. ಸು. ಹರ್ಡೀಕರ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅವರು ಹುಬ್ಬಳ್ಳಿಯಲ್ಲಿ ಸೇವಾ ಮಂಡಲವನ್ನು ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. ಆ ದಾರ್ಢ್ಯ ದೇಶದ ಗಮನ ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾ ದಳ ಹುಟ್ಟಿಕೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆಯಿತು. ಹರ್ಡೀಕರರ ಸ್ವಯಂಸೇವಕರೊಡನೆ ಅಲ್ಲಿ ಮಹಿಳಾ ಸ್ವಯಂಸೇವಕಿಯರ ದೊಡ್ಡ ಪಡೆಯೂ ದುಡಿಯಿತು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಹೆಣ್ಣುಮಗಳು ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಕಾಲವದು. ವಿಧವೆಯರೂ ಸೇರಿದಂತೆ ನೂರಕ್ಕೂ ಹೆಚ್ಚು ಹೆಂಗಸರನ್ನು ಅವರು ಮನೆಯಿಂದ ಹೊರಗೆ ಕರೆತಂದರು. ಸಾಮಾನಿನ ಪಟ್ಟಿ ಬರೆದು ಮುಗಿಯುವ ಸಿದ್ಧತೆ ಅದಾಗಿರಲಾರದು; ಹೊರಡುವವಳಿಗಿಂತ ಮೊದಲು ಅವಳ ಮನೆಯವರ ಮನಸ್ಸನ್ನು ಅಣಿಗೊಳಿಸಬೇಕಿತ್ತು. ಇದೇ ಉಮಾಬಾಯಿ 1932ರಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿದ್ದದ್ದು ನಮ್ಮ ಪುಣೆಯ ಯರವಡಾ ಜೈಲಿನಲ್ಲಿ.

ಆ ಬೆಳಗಾವಿಯ ಸಂಭ್ರಮದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರ ನಡುವೆ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಮುಂದೆ ನಾಡೆಲ್ಲ ಬಲ್ಲ ಗಂಗೂಬಾಯಿ ಹಾನಗಲ್. ಗಾಂಧೀಜಿಯ ಎದುರು ಹಾಡುವ ಹಿಗ್ಗಿನ ಜೊತೆಗೇ, ಊಟದ ಹೊತ್ತಿನಲ್ಲಿ ಜಾತಿಯ ಕಾರಣಕ್ಕೆ ತನಗೆ ಅವಮಾನವಾದೀತೇನೋ ಎಂಬ ಅಳುಕು ತನ್ನನ್ನು ಕಾಡಿತ್ತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಹಿರಿಯರಿಗೆ ಕಂಡದ್ದು ಚೆನ್ನಾಗಿ ಹಾಡುವ ಹುಡುಗಿ. ಹುಡುಗಿಗೆ ಕಂಡದ್ದು ಊಟದ ಪಂಕ್ತಿ. ಇದನ್ನು ಓದಿದಾಗ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು.

ಸೇವಾ ದಳದ ಹೆಸರು ಪುಣೆಯಲ್ಲೂ ಬೇರೂರಿತು. 1941ರಲ್ಲಿ ಎಸ್. ಎಂ. ಜೋಶಿಯವರ ನೇತೃತ್ವದಲ್ಲಿ ರಾಷ್ಟ್ರ ಸೇವಾ ದಳ ಇಲ್ಲಿ ಸಂಘಟಿತವಾಯಿತು. ಜಾತಿಧರ್ಮಗಳ ಭೇದವೆಣಿಸದೆ ಹುಡುಗ ಹುಡುಗಿಯರನ್ನು ಒಟ್ಟಿಗೆ ಸೇರಿಸುವ ಅದರ ಶಾಖೆಗಳಿಗೂ ಶಿಬಿರಗಳಿಗೂ ಸಾನೆ ಗುರೂಜಿ ಪ್ರೇರಣೆಯಾದರು. ಪಂಢರಾಪುರದ ವಿಠ್ಠಲನ ಗುಡಿಗೆ ಹರಿಜನರ ಪ್ರವೇಶವಾಗಬೇಕೆಂದು 1947ರ ಮೇ ತಿಂಗಳಲ್ಲಿ ಉಪವಾಸ ಕುಳಿತವರು ಅವರು. ಅವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚೀ ಆಯಿ’ಯಲ್ಲಿ ಒಂದೊಂದು ಅಧ್ಯಾಯವೂ ಒಂದೊಂದು ರಾತ್ರಿ. ಮನೆಯಿಂದ ದೂರದಲ್ಲಿ, ಗೆಳೆಯರ ನಡುವೆ ಕುಳಿತು ಶ್ಯಾಮ ತನ್ನ ತಾಯಿಯ ಕಥೆ ಹೇಳುತ್ತಾನೆ. ಮನೆಯ ನೆನಪನ್ನು ಅಳಿಸಿಕೊಂಡು ಗಟ್ಟಿಯಾಗು ಎಂದು ಆ ಪುಸ್ತಕ ಹೇಳುವುದಿಲ್ಲ. ನೆನಪನ್ನು ಹತ್ತಿರದವರೊಡನೆ ಹಂಚಿಕೋ ಎನ್ನುತ್ತದೆ. ಗುರೂಜಿಯ ಸ್ಮಾರಕ ನಮ್ಮ ಮನೆಯಿಂದ ಪರ್ವತಿ ಗುಡ್ಡದ ಆಚೆ ಮಗ್ಗುಲಲ್ಲಿದೆ. ಹಲವು ವರ್ಷ ಆ ದಾರಿಯಲ್ಲಿ ಓಡಾಡಿಯೂ ಹುಬ್ಬಳ್ಳಿಯಿಂದ ಅಲ್ಲಿಯವರೆಗಿನ ಈ ಎಳೆ ನಮಗೆ ಹೊಳೆದಿರಲಿಲ್ಲ.

ಹೊರಡುವ ಮುನ್ನಾದಿನ ನಾವು ಪಟ್ಟಿಯನ್ನು ಬದಿಗಿಟ್ಟು ಮಗಳನ್ನು ಕೇಳಿದೆವು: ನಿನಗೆ ಯಾವುದರ ಅಳುಕು? ಕತ್ತಲೆ, ಹಲ್ಲಿ, ಅಲ್ಲಿನ ಊಟ, ಹೀಗೆ ನಾವು ಊಹಿಸಿದ್ದೆಲ್ಲ ಸುಳ್ಳಾಯಿತು. “ನಾನು ನಿದ್ದೆಯಲ್ಲಿ ಮಾತಾಡ್ತೀನಂತೆ, ಅಜ್ಜಿ ಹೇಳಿದರು. ಅದೂ ಕನ್ನಡದಲ್ಲಿ. ಎಲ್ಲರೂ ನಗ್ತಾರೆ” ಎಂದಳು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಲಿಫ್ಟಿನಲ್ಲಿ ಹಿಂದಿ ಆಡಿ ಎಲ್ಲೂ ಬೇರೆಯಾಗಿ ಕಾಣದಂತೆ ಬೆಳೆದ ಮಗು. ಅವಳ ಕೈಯಲ್ಲಿಲ್ಲದ್ದು ನಿದ್ದೆಯೊಂದೇ. ನಾವು ಸ್ಟೀಲಿನ ಮೇಲೆ ಹೆಸರು ಕೆತ್ತಿಸುತ್ತಿದ್ದಾಗ ಅವಳು ಹತ್ತು ದಿನ ಇದನ್ನು ಒಳಗೇ ಇಟ್ಟುಕೊಂಡಿದ್ದಳು.

ಉತ್ತರ ಕೊಟ್ಟವರು ಅತ್ತೆಯವರೇ. “ನಿದ್ದಿ ಒಳಗ ಎಲ್ಲಾರೂ ಅವರವರ ಮನಿ ಮಾತೇ ಆಡ್ತಾರ, ತಂಗೀ. ನೀನೂ ಎದ್ದು ಕೇಳು, ಬ್ಯಾರೆಯವರು ಏನಂತಾರ ಅಂತ.” ನಾವು ಶಿಬಿರದ ಹೊಣೆ ಹೊತ್ತ ತಾಯಿಗೆ, ಮರಾಠಿಯಲ್ಲಿ ಅಕ್ಕನನ್ನು ಕರೆಯುವುದು ಹಾಗೆ, ಫೋನು ಮಾಡಿ ವಿಷಯ ತಿಳಿಸಿದೆವು. ಈ ಸಲ ಮನೆಯಲ್ಲಿ ಮಾರವಾಡಿ, ಗುಜರಾತಿ, ತೆಲುಗು ಆಡುವ ಮಕ್ಕಳೂ ಇದ್ದಾರೆ, ಮೊದಲ ರಾತ್ರಿ ಪ್ರತಿಯೊಬ್ಬರಿಂದಲೂ ಅವರ ಮನೆಮಾತಿನಲ್ಲಿ ಒಂದು ಕಥೆ ಹೇಳಿಸುತ್ತೇವೆ ಎಂದು ಆಕೆ ಒಪ್ಪಿದರು.

ಹೊದಿಕೆ ಮಡಿಸುವುದನ್ನು, ತಟ್ಟೆ ತೊಳೆಯುವುದನ್ನು, ತಲೆ ತಾನೇ ಬಾಚಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿಯೇ ಕಳುಹಿಸಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ವರ್ಷಗಳ ಹಿಂದಿನ ಆ ಹನ್ನೊಂದರ ಹುಡುಗಿ ನಮಗೆ ಕಲಿಸಿದ್ದು ಇಷ್ಟು: ಮಗುವಿನ ಭಯ ನಾವು ಹುಡುಕುವಲ್ಲಿ ಇರುವುದಿಲ್ಲ. ಮನೆಯಿಂದಾಚೆ ಮಗು ಮೊದಲು ನೋಡುವುದು ಪಂಕ್ತಿಯಲ್ಲಿ ತನಗೊಂದು ಜಾಗವಿದೆಯೇ ಎಂಬುದನ್ನು. ಕಳುಹಿಸುವವರು ಅದನ್ನು ಮುಂಚೆಯೇ ಕೇಳಬೇಕು. ಕರೆದವರು ಅದನ್ನು ಉಳಿಸಿಕೊಡಬೇಕು.

ಆರನೆಯ ದಿನ ಮಗಳು ಬಿಸಿಲಿಗೆ ಕಪ್ಪಾಗಿ ಮರಳಿದಳು. ಚೀಲದಲ್ಲಿದ್ದ ತಟ್ಟೆಯ ಮೇಲೆ ಬೇರೆ ಯಾರದೋ ಹೆಸರಿತ್ತು. ಭಾನುವಾರ ಅದನ್ನು ಅದರ ಒಡತಿಯ ಮನೆಗೆ ಮುಟ್ಟಿಸಿ, ನಮ್ಮದನ್ನು ತರಬೇಕಾಗಿದೆ.