ಕಾಲೊರೆಸಿನ ಹಿಂದಿನ ಕೈಗಳು

ದೊಡ್ಡ ಕಚೇರಿಯ ಬಾಗಿಲು ದಾಟುವವರು ಕಾಲಡಿ ನೋಡುವುದು ಅಪರೂಪ. ಅಲ್ಲಿ ನೆಲವನ್ನು ತುಸು ತಗ್ಗಿಸಿ, ಆ ತಗ್ಗಿಗೆ ಸರಿಯಾಗಿ ಕಾಲೊರೆಸು ಕೂರಿಸಿರುತ್ತಾರೆ. ಅದರ ಅಂಚು ಎದ್ದರೆ ಜನ ಎಡವುತ್ತಾರೆ. ಉದ್ದ ಸಾಲದಿದ್ದರೆ ಮಣ್ಣೂ ಮಳೆನೀರೂ ಒಳಗಿನ ಗ್ರಾನೈಟಿನವರೆಗೆ ಹೋಗಿ ಜಾರಿ ಬೀಳಿಸುತ್ತವೆ. ಹಾಗಾಗಿ ತಗ್ಗಿನ ಅಳತೆ ನೆಲ ಹಾಕುವ ಮೊದಲೇ ನಕ್ಷೆಯಲ್ಲಿರಬೇಕು. ಈ ಸಣ್ಣ ಲೆಕ್ಕದ ಒಂದು ತುದಿ ಕೇರಳದ ಹಿನ್ನೀರಿನಲ್ಲಿದೆ.

ತೆಂಗಿನ ನಾರು ಬಿರುಸು, ಒದ್ದೆಯಾದರೂ ಬೇಗ ಕೊಳೆಯದು. ನೆಟ್ಟಗೆ ನಿಂತ ಅದರ ಎಳೆಗಳು ಬೂಟಿನ ಅಡಿಯ ಕೆಸರನ್ನು ಕೆರೆದು ತೆಗೆಯುತ್ತವೆ. ಕುದುರೆಗಾಡಿಗಳ ಕಾಲದ ಲಂಡನ್ನಿಗೆ ಬೇಕಾಗಿದ್ದೂ ಅದೇ. ಅಲ್ಲಿನ ಲಡ್ಗೇಟ್ ಹಿಲ್‌ನಲ್ಲಿ ಚಾಪೆ, ಕಾರ್ಪೆಟ್ ಮಾರುತ್ತಿದ್ದ ಟ್ರೆಲೋರ್ ಮನೆತನದ ವಿಲಿಯಂ ಟ್ರೆಲೋರ್ 1906ರಲ್ಲಿ ಆ ನಗರದ ಲಾರ್ಡ್ ಮೇಯರ್ ಕೂಡ ಆದರು. ಇತ್ತ ಆಲಪ್ಪುಳದಲ್ಲಿ ಜೇಮ್ಸ್ ಡ್ಯಾರಾ 1859ರಲ್ಲಿ ಹೆನ್ರಿ ಸ್ಮೇಲ್ ಜೊತೆಗೂಡಿ ನಾರಿನ ಕಾರ್ಖಾನೆ ತೆರೆದರು. ಅದುವರೆಗೆ ಹಗ್ಗವಾಗಿ, ಹುರಿಯಾಗಿ ಹಡಗೇರುತ್ತಿದ್ದ ನಾರು ಮಗ್ಗ ಹತ್ತಿ ಚಾಪೆಯಾಗತೊಡಗಿತು.

ಮಗ್ಗಕ್ಕೆ ಬರುವ ಮುಂಚಿನ ದುಡಿಮೆ ಹೆಚ್ಚಾಗಿ ಹೆಂಗಸರದು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕೊಡತಿಯಿಂದ ಬಡಿದು ನಾರು ಬಿಡಿಸಬೇಕು, ಆಮೇಲೆ ರಾಟೆಯಲ್ಲಿ ಹುರಿ ಹೊಸೆಯಬೇಕು. ಕೊಳೆತ ಸಿಪ್ಪೆ ನೀರನ್ನು ಕಪ್ಪಾಗಿಸಿ, ಮೀನಿಗೆ ಬೇಕಾದ ಪ್ರಾಣವಾಯುವನ್ನೂ ತಿಂದುಹಾಕುತ್ತದೆ. ದೂರದ ಊರಿನ ನೆಲ ಚೊಕ್ಕಟವಾಗಿರಲು ಇಲ್ಲಿನ ನೀರು ಹೊಲಸಾಯಿತು.

ಕೂಲಿಯ ಪ್ರಶ್ನೆ ಕಾರ್ಖಾನೆಯೊಳಗೇ ಎದ್ದಿತು. 1922ರಲ್ಲಿ ನಾರಿನ ಕಾರ್ಖಾನೆಯ ಕೆಲಸಗಾರ ವಾಡಪ್ಪುರಂ ಪಿ. ಕೆ. ಬಾವಾ ಅವರ ಮುಂದಾಳುತನದಲ್ಲಿ ಕಾರ್ಮಿಕರ ಸಂಘ ಹುಟ್ಟಿತು. 1938ರ ಮುಷ್ಕರದಲ್ಲಿ ಕೂಲಿಯ ಬೇಡಿಕೆಯ ಜೊತೆ ತಿರುವಾಂಕೂರಿಗೆ ಜವಾಬ್ದಾರಿ ಸರ್ಕಾರ ಬೇಕೆಂಬ ಬೇಡಿಕೆಯೂ ಸೇರಿತು. 1946ರ ಪುನ್ನಪ್ರ–ವಯಲಾರ್ ಹೋರಾಟದಲ್ಲಿ ಗುಂಡಿಗೆ ಎದೆಯೊಡ್ಡಿದವರಲ್ಲಿ ನಾರಿನ ಕೆಲಸಗಾರರೂ ಇದ್ದರು. ಸ್ವತಂತ್ರ ಭಾರತ 1953ರಲ್ಲಿ ನಾರಿನ ಉದ್ದಿಮೆಗೆಂದೇ ಕಾಯ್ದೆ ಮಾಡಿತು.

ಇಂದಿನ ಮಾಲು, ಆಸ್ಪತ್ರೆಗಳ ಬಾಗಿಲಲ್ಲಿ ಅಲ್ಯುಮಿನಿಯಂ ಪಟ್ಟಿ, ನೈಲಾನು ಬಂದಿವೆ. ಕ್ರಮ ಮಾತ್ರ ಹಳೆಯದೇ: ಹೊರಗೆ ಕೆರೆಯುವುದು, ಒಳಗೆ ನೀರು ಹೀರುವುದು. ಖರ್ಚು ಉಳಿಸಲು ಆ ಎರಡು ಹೆಜ್ಜೆಯ ಜಾಗವನ್ನೇ ನಕ್ಷೆಯಿಂದ ಕಿತ್ತರೆ, ಉಳಿದ ಕೊಳೆಯನ್ನು ದಿನವಿಡೀ ಬಗ್ಗಿ ಒರೆಸುವವರು ಮತ್ತೆ ಕಡಿಮೆ ಕೂಲಿಯವರೇ.